ಎಂಎಸ್ಸಿಗೆ ಪರಿಸರ ರಸಾಯನಶಾಸ್ತ್ರ: ಇದರಲ್ಲಿ ನಿಜವಾಗಿ ಮಾಡುವುದು ಎಂತ?

ಫೈನಲ್_ಬಿಎಸ್ಸಿ_ಸುರತ್ಕಲ್

ಎಲ್ಲರಿಗೂ ನಮಸ್ಕಾರ. ಬಿಎಸ್ಸಿ ಕೊನೆಯ ವರ್ಷದಲ್ಲಿದ್ದೇನೆ. ಎಂಎಸ್ಸಿಗೆ ಆರ್ಗ್ಯಾನಿಕ್ ಕೆಮಿಸ್ಟ್ರಿ ತಗೋ, ಫಾರ್ಮಾ ಕಂಪನಿಯಲ್ಲಿ ಕೆಲಸ ಸಿಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಮನಸ್ಸಿರುವುದು ಗಾಳಿ, ನೀರು, ಮಣ್ಣಿಗೆ ಸೇರುವ ವಿಷಗಳ ಕೆಮಿಸ್ಟ್ರಿ ಮೇಲೆ. ಅದನ್ನು ಓದಿದವರು ನನ್ನ ಪರಿಚಯದಲ್ಲಿ ಯಾರೂ ಇಲ್ಲ. ಎಂತ ಓದಬೇಕು, ಓದಿ ಎಂತ ಮಾಡುವುದು? ಸುಮ್ನೆ ಮಿಷನ್‌ಗೆ ಸ್ಯಾಂಪಲ್ ಹಾಕಿ ನಂಬರ್ ಬರೆದುಕೊಳ್ಳುವ ಕೆಲಸವಾ?

ಇನ್ನೊಂದು ಮನೆ ಪ್ರಶ್ನೆಯೂ ಉಂಟು. ಫಿಲ್ಟರ್ ಮಾರುವವರು ಬಂದಿದ್ದರು. ನಮ್ಮ ಬಾವಿ ನೀರು ಒಂದು ಗ್ಲಾಸ್, ಅವರ ಆರ್‌ಒ ನೀರು ಒಂದು ಗ್ಲಾಸ್ ಇಟ್ಟು, ಎರಡಕ್ಕೂ ಲೋಹದ ಕಡ್ಡಿ ಇಳಿಸಿ ಕರೆಂಟ್ ಕೊಟ್ಟರು. ನಮ್ಮ ನೀರು ನೋಡನೋಡುತ್ತಲೇ ಕಂದು ಬಣ್ಣಕ್ಕೆ ತಿರುಗಿ ಮೇಲೆ ಕೊಳೆ ಕೊಳೆ ತೇಲಿತು. ಅವರದ್ದು ಹಾಗೇ ಇತ್ತು. ಅಮ್ಮ ಈಗ ಆ ನೀರಲ್ಲಿ ಗಂಜಿ ಬೇಯಿಸಲೂ ಹೆದರುತ್ತಾರೆ. ಅದು ನಿಜವಾಗಿ ನೀರಲ್ಲಿದ್ದ ಕೊಳೆಯಾ? ಬೇಸಿಗೆ ಕೊನೆಗೆ ನಮ್ಮ ನೀರು ಸೇದಿದಾಗ ಚೊಕ್ಕ ಇದ್ದು, ಕೊಡದಲ್ಲಿ ಇಟ್ಟರೆ ಬೆಳಿಗ್ಗೆಗೆ ಕೆಂಪಗಾಗುವುದಂತೂ ನಿಜ.

ಲ್ಯಾಬ್_ಅಕ್ಕ

ಮೊದಲು ಆ ಕಡ್ಡಿ ವಿಷಯ ಮುಗಿಸೋಣ. ನಾನು ಉಡುಪಿ ಕಡೆ ನೀರು ಪರೀಕ್ಷೆಯ ಲ್ಯಾಬ್‌ನಲ್ಲಿ ಇರುವವಳು. ಈ ಕಡ್ಡಿ ನೋಡಿ ಹೆದರಿ ಬಾಟಲಿ ಹಿಡಿದು ಬರುವವರು ನಮ್ಮಲ್ಲಿ ತುಂಬ ಜನ.

ಆ ಕಡ್ಡಿಗಳಲ್ಲಿ ಒಂದು ಕಬ್ಬಿಣದ್ದು, ಇನ್ನೊಂದು ಅಲ್ಯೂಮಿನಿಯಂನದ್ದು. ಕರೆಂಟ್ ಹರಿದಾಗ ಕಬ್ಬಿಣದ ಕಡ್ಡಿಯೇ ಕರಗಿ ನೀರಿಗೆ ಬರುತ್ತದೆ, ಅಲ್ಲಿ ತುಕ್ಕಾಗಿ ತೇಲುತ್ತದೆ. ನೀವು ನೋಡಿದ ಕೊಳೆ ಅವರ ಕಡ್ಡಿಯದ್ದು, ನಿಮ್ಮ ಬಾವಿಯದ್ದಲ್ಲ. ಆರ್‌ಒ ನೀರಿನಲ್ಲಿ ಲವಣ ಇಲ್ಲದ ಕಾರಣ ಅದರಲ್ಲಿ ಕರೆಂಟ್ ಹರಿಯುವುದೇ ಕಮ್ಮಿ, ಅದಕ್ಕೆ ಬಣ್ಣ ಬರಲಿಲ್ಲ. ಮತ್ತೊಮ್ಮೆ ಬಂದರೆ ಅವರ ಆರ್‌ಒ ಗ್ಲಾಸಿಗೆ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿ ಅದೇ ಕಡ್ಡಿ ಇಳಿಸಲು ಹೇಳಿ. ಅದೂ ಕಂದಾಗುತ್ತದೆ. ಅವರು ಹಾಕಲು ಬಿಡುವುದಿಲ್ಲ, ಅದು ಬೇರೆ ಮಾತು.

ಕೊಡದಲ್ಲಿ ಕೆಂಪಾಗುವುದು ಮಾತ್ರ ನಿಮ್ಮ ನೀರಿನದ್ದೇ ಗುಣ. ನೆಲದ ಆಳದಲ್ಲಿ ಗಾಳಿ ಸಿಗದ ಜಾಗದಲ್ಲಿ ಕಬ್ಬಿಣ ಕರಗಿದ ರೂಪದಲ್ಲಿ ಇರುತ್ತದೆ, ಅದಕ್ಕೆ ಬಣ್ಣ ಇಲ್ಲ. ಸೇದಿ ಇಟ್ಟ ಮೇಲೆ ಗಾಳಿಯ ಆಮ್ಲಜನಕ ತಾಗಿ ಕರಗದ ರೂಪಕ್ಕೆ ತಿರುಗಿ ಕೆಂಪು ಗಸಿ ಆಗುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರಲ್ಲಿ ಕಬ್ಬಿಣಕ್ಕೆ ಈಗ ಇರುವ ಮಿತಿ ಲೀಟರಿಗೆ 1 ಮಿಲಿಗ್ರಾಂ. ಅದನ್ನು ದಾಟಿದರೂ ಮೊದಲು ಹಾಳಾಗುವುದು ನಿಮ್ಮ ಬಿಳಿ ಪಂಚೆ ಮತ್ತು ಚಹಾದ ಬಣ್ಣ. ಚಹಾದ ಟ್ಯಾನಿನ್ ಜೊತೆ ಕಬ್ಬಿಣ ಸೇರಿದರೆ ಮಸಿಯ ಹಾಗೆ ಕಪ್ಪಾಗುತ್ತದೆ. ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದ ದಿನ ನೀರು ತಟ್ಟನೆ ಕೆಂಪಾಯಿತು ಅಂತ ಜನ ಗಾಬರಿಯಾಗುವುದೂ ಇದೇ ಕಾರಣಕ್ಕೆ. ಕ್ಲೋರಿನ್ ಆ ಕೆಲಸವನ್ನು ಗಾಳಿಗಿಂತ ಬೇಗ ಮಾಡುತ್ತದೆ, ಅಷ್ಟೇ.

ಈಗ ನಿಮ್ಮ ದೊಡ್ಡ ಪ್ರಶ್ನೆ. ನಂಬರ್ ಬರೆದುಕೊಳ್ಳುವ ಕೆಲಸವಾ ಅಂತ ಕೇಳಿದಿರಿ ಅಲ್ವಾ? ಒಂದೇ ಕಬ್ಬಿಣ, ಎರಡು ರೂಪ, ಎರಡು ನಡತೆ. ನಂಬರ್ ಎರಡಕ್ಕೂ ಒಂದೇ ಬರಬಹುದು. ಈ ವ್ಯತ್ಯಾಸ ಹಿಡಿಯುವುದೇ ಈ ವಿಷಯದ ಓದು. ಬಾಕಿ ಎಲ್ಲ ಬಟನ್ ಒತ್ತುವುದು.

ಮುರಕಲ್ಲು

ಅಕ್ಕ ಹೇಳಿದ್ದಕ್ಕೆ ಸ್ವಲ್ಪ ನೆಲದ ಕತೆ ಸೇರಿಸುತ್ತೇನೆ. ನಾನು ಭೂವಿಜ್ಞಾನ ಪಾಠ ಮಾಡಿ ನಿವೃತ್ತನಾದವನು, ಉದ್ದ ಬರೆದರೆ ಕ್ಷಮಿಸಿ.

ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ. ಲಕ್ಷಾಂತರ ವರ್ಷಗಳಿಂದ ಈ ಮಳೆ ಕಲ್ಲನ್ನು ತೊಳೆದು ತೊಳೆದು ಸುಣ್ಣದ ಅಂಶ, ಸೋಡಿಯಂ, ಮೆಗ್ನೀಶಿಯಂ ಎಲ್ಲ ಸಮುದ್ರಕ್ಕೆ ಕಳಿಸಿಯಾಗಿದೆ. ಉಳಿದದ್ದು ಕಬ್ಬಿಣ ಮತ್ತು ಅಲ್ಯೂಮಿನಿಯಂನ ಆಕ್ಸೈಡ್. ಅದೇ ನಾವು ಮನೆ ಕಟ್ಟುವ ಮುರಕಲ್ಲು. ಮಳೆ ನೀರು ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಪಿಎಚ್ (ಹುಳಿಯ ಅಳತೆ, 7ಕ್ಕಿಂತ ಇಳಿದಷ್ಟೂ ಹುಳಿ ಜಾಸ್ತಿ) 5.6ರ ಹತ್ತಿರ ಇರುತ್ತದೆ. ಮಣ್ಣಿಗಿಳಿದರೆ ಬೇರುಗಳು ಬಿಟ್ಟ ಇಂಗಾಲದ ಡೈಆಕ್ಸೈಡ್ ಇನ್ನಷ್ಟು ಸೇರುತ್ತದೆ. ಬಯಲುಸೀಮೆಯಲ್ಲಾದರೆ ನೆಲದ ಸುಣ್ಣ ಈ ಹುಳಿಯನ್ನು ತಡೆದುಬಿಡುತ್ತದೆ. ನಮ್ಮಲ್ಲಿ ತಡೆಯಲು ಏನೂ ಉಳಿದಿಲ್ಲ. ಅದಕ್ಕೆ ಇಲ್ಲಿ ತುಂಬ ಬಾವಿಗಳ ಪಿಎಚ್ ಮಾನಕದ ಕೆಳಮಿತಿ 6.5ಕ್ಕಿಂತ ಕೆಳಗೆ. ಯಾರೂ ಏನೂ ಕಲಬೆರಕೆ ಮಾಡಿದ್ದಲ್ಲ, ನೆಲವೇ ಹಾಗೆ.

ಈ ಹುಳಿ ಒಂದರಿಂದ ಬೇರೆ ಎಷ್ಟೋ ಸಂಗತಿ ನಡೆಯುತ್ತದೆ. ಕಬ್ಬಿಣದ್ದೇ ನೋಡಿ. ಪಿಎಚ್ ಒಂದು ಅಂಕ ಏರಿದರೆ ಗಾಳಿಯಲ್ಲಿ ಅದು ತುಕ್ಕಾಗುವ ವೇಗ ಸುಮಾರು ನೂರು ಪಟ್ಟು ಏರುತ್ತದೆ. ನಮ್ಮ ನೀರು ಹುಳಿ ಇರುವ ಕಾರಣ ಕೆಂಪಾಗಲು ರಾತ್ರಿಯಿಡೀ ಬೇಕು. ಹಿಂದಿನವರು ಹೊಳೆಯ ಮರುವಾಯಿ ಚಿಪ್ಪು ಸುಟ್ಟು ಮಾಡಿದ ಸುಣ್ಣ ಬಾವಿಗೆ ಹಾಕುತ್ತಿದ್ದರಲ್ಲ, ಅದರ ಗುಟ್ಟು ಇದು. ಹುಳಿಯೂ ಕಮ್ಮಿ ಆಯಿತು, ಕಬ್ಬಿಣವೂ ಬೇಗ ಗಸಿಯಾಗಿ ತಳಕ್ಕೆ ಕೂತಿತು.

ಲ್ಯಾಬ್_ಅಕ್ಕ

ಸರ್, ಸುಣ್ಣದ ವಿಷಯದಲ್ಲಿ ನನ್ನದೊಂದು ತಕರಾರು ಉಂಟು. ಕಣ್ಣಳತೆಯಲ್ಲಿ ಬುಟ್ಟಿಗಟ್ಟಲೆ ಹಾಕಿ ಪಿಎಚ್ 10 ದಾಟಿಸಿ ತರುವವರೂ ಇದ್ದಾರೆ. ಮತ್ತೆ ಆ ನೀರಿಗೆ ಬ್ಲೀಚಿಂಗ್ ಪೌಡರ್ ಹಾಕಿದರೆ ಅದು ಕೆಲಸ ಮಾಡುವುದಿಲ್ಲ. ಕ್ಲೋರಿನ್ ನೀರಿಗೆ ಸೇರಿದಾಗ ಕ್ರಿಮಿ ಕೊಲ್ಲುವ ಬಲವಾದ ರೂಪ ಹೈಪೋಕ್ಲೋರಸ್ ಆಮ್ಲ. ಪಿಎಚ್ 7.5 ದಾಟಿದ ಮೇಲೆ ಅದರ ಅರ್ಧಕ್ಕಿಂತ ಹೆಚ್ಚು ಪಾಲು ದುರ್ಬಲ ರೂಪಕ್ಕೆ ಹೋಗುತ್ತದೆ. ನಮ್ಮ ಹುಳಿ ಬಾವಿಯಲ್ಲಿ ಕ್ಲೋರಿನ್ ಚೆನ್ನಾಗಿಯೇ ಕೆಲಸ ಮಾಡುತ್ತದೆ. 1000 ಲೀಟರಿಗೆ ಎರಡೂವರೆ ಗ್ರಾಂ ಒಳ್ಳೆ ಬ್ಲೀಚಿಂಗ್ ಪೌಡರ್ ಸಾಕು, ಹಾಕಿ ಒಂದು ಗಂಟೆ ಬಿಡಬೇಕು. ಮೊದಲು ಕ್ಲೋರಿನ್ ಹಾಕಿ, ಸುಣ್ಣ ಬೇಕಿದ್ದರೆ ಆಮೇಲೆ. ಅದೂ ಅಳೆದು.

ಮುರಕಲ್ಲು

ಒಪ್ಪಿದೆ. ಅಳತೆ ಇಲ್ಲದ ಸುಣ್ಣ ಬೇಡ.

ತೋಟದ_ಮನೆ_ಕಾರ್ಕಳ

ನೀವು ಇಷ್ಟೆಲ್ಲ ಓದಿ ಮಾಡುವ ಕೆಮಿಸ್ಟ್ರಿ ನಾವು ಅಡಿಕೆ ತೋಟದವರು ಓದದೇ ಮಾಡುತ್ತೇವೆ ಮಾರಾಯ್ರೆ 😀

ಕೊಳೆರೋಗಕ್ಕೆ ಬೋರ್ಡೋ ಹೊಡೆಯದಿದ್ದರೆ ತೋಟ ಇಲ್ಲ. ಒಂದು ಕೆಜಿ ಮೈಲುತುತ್ತು (ತಾಮ್ರದ ಸಲ್ಫೇಟ್), ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಬೇರೆ ಬೇರೆ ಡ್ರಮ್ಮಿನಲ್ಲಿ ಕರಗಿಸಿ, ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತಾ ಕಲಕಬೇಕು. ಡ್ರಮ್ ಪ್ಲಾಸ್ಟಿಕ್ಕಿನದ್ದೇ ಆಗಬೇಕು. ಹದ ನೋಡುವುದು ಹೇಗೆ ಗೊತ್ತುಂಟಾ? ಉಜ್ಜಿ ಹೊಳಪು ಮಾಡಿದ ಕತ್ತಿಯ ತುದಿ ಅದರಲ್ಲಿ ಅದ್ದಿ ಸ್ವಲ್ಪ ಹೊತ್ತು ಹಿಡಿಯುವುದು. ತುದಿಗೆ ತಾಮ್ರದ ಕೆಂಪು ಹತ್ತಿದರೆ ಇನ್ನೂ ಹುಳಿ ಉಂಟು, ಸುಣ್ಣದ ನೀರು ಇನ್ನಷ್ಟು ಬೇಕು. ಕತ್ತಿ ಹಾಗೇ ಹೊಳೆದರೆ ಹದ ಬಂತು. ಇದು ಅಪ್ಪ ಕಲಿಸಿದ್ದು. ಅವರು ನೋಡಿದ ಶಾಲೆ ಐದನೇ ಕ್ಲಾಸಿನವರೆಗೆ.

ಈಗ ನನ್ನ ಪ್ರಶ್ನೆ. ಮಳೆಗೆ ಮೊದಲು ಒಂದು ಸಲ ಹೊಡೆಯುತ್ತೇವೆ, 40-45 ದಿನ ಬಿಟ್ಟು ಇನ್ನೊಂದು ಸಲ, ಮಳೆ ಬಿಡದಿದ್ದರೆ ಮೂರನೆಯದ್ದೂ. ಅಜ್ಜನ ಕಾಲದಿಂದ ಹೊಡೆದ ಆ ತಾಮ್ರ ಎಲ್ಲಿ ಹೋಯಿತು? ತೋಟದ ಕೆಳಗೇ ನಮ್ಮ ಬಾವಿ.

ಮಣ್ಣು_ಪಿಎಚ್‌ಡಿ

ಅಣ್ಣಾ, ನಿಮ್ಮ ಕತ್ತಿ ಪರೀಕ್ಷೆಯನ್ನು ನಾನು ಪ್ರಾಕ್ಟಿಕಲ್ ಪರೀಕ್ಷೆಯ ವೈವಾದಲ್ಲಿ ಕೇಳಬೇಕು ಅಂತ ಇದ್ದೇನೆ! ಕರಗಿದ ತಾಮ್ರ ಉಳಿದಿದ್ದರೆ ಕಬ್ಬಿಣ ನೀರಿಗಿಳಿದು ತಾಮ್ರ ಕತ್ತಿಯ ಮೇಲೆ ಕೂರುತ್ತದೆ. ಸುಣ್ಣ ಸಾಕಷ್ಟಾದರೆ ತಾಮ್ರ ಎಲ್ಲ ಕರಗದ ನೀಲಿ ಗಸಿಯಾಗಿರುತ್ತದೆ, ಕತ್ತಿಗೆ ಸಿಗಲು ಏನೂ ಇಲ್ಲ. ಕರಗಿದ ತಾಮ್ರ ಎಲೆ, ಕಾಯಿಯನ್ನೂ ಸುಡುತ್ತದೆ, ಅದಕ್ಕೇ ಹದ ನೋಡುವುದು.

ಎಲ್ಲಿ ಹೋಯಿತು ಅನ್ನುವುದಕ್ಕೆ: ಎಲ್ಲೂ ಹೋಗಿಲ್ಲ. ತಾಮ್ರ ಧಾತು, ಅದು ಕೊಳೆಯುವುದಿಲ್ಲ. ಒಂದು ಕೆಜಿ ಮೈಲುತುತ್ತಿನಲ್ಲಿ ಸುಮಾರು 255 ಗ್ರಾಂ ತಾಮ್ರ ಇರುತ್ತದೆ. ಅಂದರೆ ಪ್ರತಿ ನೂರು ಲೀಟರಿನ ಜೊತೆ ಕಾಲು ಕೆಜಿ ತಾಮ್ರ ತೋಟಕ್ಕೆ ಬಿತ್ತು. ಹಳೆ ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ ಅಡಿಕೆ ಕೊಳೆರೋಗದ ಮೇಲೆ ಕೆಲಸ ಮಾಡಿ ಪ್ರಕಟಿಸಿದ್ದು 1910ರಲ್ಲಿ. ಬೋರ್ಡೋ ಅಲ್ಲಿಂದ ಮುಂದೆ ತೋಟಗಳಲ್ಲಿ ಹಬ್ಬಿತು. ಹಾಗಾಗಿ ಕೆಲವು ಹಳೆ ತೋಟಗಳ ಮೇಲ್ಮಣ್ಣಿನಲ್ಲಿ ಎಷ್ಟೋ ದಶಕಗಳ ಲೆಕ್ಕ ಕೂತಿದೆ.

ಆದರೆ ಬಾವಿಗೆ ಇಳಿಯುವುದು ಕಮ್ಮಿ. ತಾಮ್ರಕ್ಕೆ ಸೊಪ್ಪು, ಗೊಬ್ಬರ ಕೊಳೆತು ಆದ ಕಪ್ಪು ಅಂಶ ಅಂದರೆ ಭಾರೀ ಪ್ರೀತಿ. ಮೇಲಿನ ಒಂದು ಗೇಣು ಮಣ್ಣಿನಲ್ಲೇ ಅದಕ್ಕೆ ಅಂಟಿಕೊಂಡು ಉಳಿಯುತ್ತದೆ. ನಾವು ಲ್ಯಾಬ್‌ನಲ್ಲಿ ಮಾಡುವುದು ಇದನ್ನೇ. ಒಂದೇ ಮಣ್ಣನ್ನು ಮೊದಲು ಸೌಮ್ಯ ದ್ರಾವಣದಲ್ಲಿ ಅಲುಗಾಡಿಸಿ ಸುಲಭಕ್ಕೆ ಬಿಡುವ ತಾಮ್ರ ಅಳೆಯುವುದು, ಆಮೇಲೆ ಇನ್ನೂ ಕಡಕ್ ದ್ರಾವಣ, ಕೊನೆಗೆ ಪ್ರಬಲ ಆಮ್ಲದಲ್ಲಿ ಕುದಿಸಿ ಒಟ್ಟು ಎಷ್ಟು ಅಂತ. ಗಿಡದ ಬೇರಿಗೆ, ಎರೆಹುಳಕ್ಕೆ ಮುಖ್ಯ ಆಗುವುದು ಮೊದಲಿನ ಪಾಲು. ಮಣ್ಣು ಹುಳಿಯಾದಷ್ಟೂ ಆ ಪಾಲು ಏರುತ್ತದೆ. ಅದಕ್ಕೆ ತೋಟಕ್ಕೆ ಸುಣ್ಣ ಕೊಡುವುದನ್ನು, ಸೊಪ್ಪು ಹಾಕುವುದನ್ನು ನಿಲ್ಲಿಸಬೇಡಿ.

ನನ್ನ ಚಿಂತೆ ಬಾವಿಗಿಂತ ತೋಡಿನದ್ದು. ಜೋರು ಮಳೆಗೆ ಮೇಲ್ಮಣ್ಣು ಕೊಚ್ಚಿ ಹೋದರೆ ಅದರ ಬೆನ್ನೇರಿ ತಾಮ್ರವೂ ಹೋಗುತ್ತದೆ. ಕುಡಿಯುವ ನೀರಿನಲ್ಲಿ ಬೇರೆ ನೀರಿನ ಮೂಲ ಇಲ್ಲದಿದ್ದರೆ ತಾಮ್ರ ಲೀಟರಿಗೆ 1.5 ಮಿಲಿಗ್ರಾಂವರೆಗೆ ನಡೆಯುತ್ತದೆ ಅನ್ನುತ್ತದೆ ಮಾನಕ. ಮೀನಿಗೆ ಅದರ ಸಣ್ಣದೊಂದು ಪಾಲು ಸಾಕು ಅಪಾಯಕ್ಕೆ. ಗಡಸು ನೀರಿನಲ್ಲಾದರೆ ಕ್ಯಾಲ್ಸಿಯಂ ಮೀನಿನ ಕಿವಿರಿನ ಮೇಲೆ ಜಾಗ ಹಿಡಿದು ತಾಮ್ರವನ್ನು ತಡೆಯುತ್ತದೆ. ನಮ್ಮ ತೋಡು, ಹೊಳೆಗಳದ್ದು ಮೆದು ನೀರು, ಆ ಕಾವಲು ಇಲ್ಲ. ಕೋಲಾರದ ಕೆರೆಯಲ್ಲಿ ನಡೆಯಬಹುದಾದ ಅಳತೆ ನಮ್ಮ ತೋಡಿಗೆ ಆಗುವುದಿಲ್ಲ ಅಂತ ನಾನು ಹೇಳುವುದು ಇದಕ್ಕೆ.

ತೋಟದ_ಮನೆ_ಕಾರ್ಕಳ

ಅಂದರೆ ಡ್ರಮ್ ತೊಳೆದ ನೀರು ತೋಡಿಗೆ ಚೆಲ್ಲಬಾರದು.

ಮಣ್ಣು_ಪಿಎಚ್‌ಡಿ

ಖಂಡಿತ ಬೇಡ ಅಣ್ಣಾ. ತೋಟದಲ್ಲೇ ತೆಂಗಿನ ಬುಡ ಬಿಟ್ಟು ಎತ್ತರದ ಜಾಗದಲ್ಲಿ ಸುರಿಯಿರಿ.

ಗೇಟ್_ಹೊರಗಿನವ

ಎಲ್ಲ ಚೆಂದ ಉಂಟು. ಓದುವ ಹುಡುಗನಿಗೆ ನಾನು ಸ್ವಲ್ಪ ಕಹಿ ಹೇಳುತ್ತೇನೆ. ನಮ್ಮ ಮನೆ ಕಾರ್ಖಾನೆ ಇರುವ ಪ್ರದೇಶದ ಪಕ್ಕ. ರಾತ್ರಿ ಹನ್ನೊಂದರ ಮೇಲೆ ಕೊಳೆತ ಮೊಟ್ಟೆ ವಾಸನೆ, ಕಿಟಕಿ ಹಾಕದೆ ಮಲಗುವಂತಿಲ್ಲ. ದೂರು ಕೊಟ್ಟರೆ ಮರುದಿನ ಮಧ್ಯಾಹ್ನ ಊಟ ಆದ ಮೇಲೆ ಬಂದು ಗಾಳಿ ಅಳೆಯುತ್ತಾರೆ. ರಿಪೋರ್ಟ್‌ನಲ್ಲಿ ‘ಎಲ್ಲವೂ ಮಿತಿಯೊಳಗೆ’. ಅಷ್ಟು ಓದಿದವರು ಅಷ್ಟು ದೊಡ್ಡ ಮಿಷನ್ ಇಟ್ಟು ನಮ್ಮ ಮೂಗನ್ನು ಸುಳ್ಳು ಮಾಡಿದರು. ಇನ್ನು ನೀವು ಓದಿ ಎಂತ ಮಾಡುತ್ತೀರಿ?

ಲ್ಯಾಬ್_ಅಕ್ಕ

ನಿಮ್ಮ ಸಿಟ್ಟು ನ್ಯಾಯವೇ. ಆದರೆ ಆ ರಿಪೋರ್ಟ್ ಪೂರ್ತಿ ಸುಳ್ಳಾಗಿರಬೇಕಾಗಿಲ್ಲ, ಅದರಲ್ಲೇ ಸಮಸ್ಯೆ ಇರುವುದು. ಕರಾವಳಿಯಲ್ಲಿ ಹಗಲು ಗಾಳಿ ಸಮುದ್ರದಿಂದ ನೆಲಕ್ಕೆ, ರಾತ್ರಿ ನೆಲದಿಂದ ಸಮುದ್ರಕ್ಕೆ. ಚಿಮಣಿ ನಿಮ್ಮ ಮನೆಯ ಪೂರ್ವಕ್ಕಿದ್ದರೆ ಹಗಲಿಗೆ ಅದರ ಹೊಗೆ ಘಟ್ಟದ ಕಡೆ ಹೋಗುತ್ತದೆ, ರಾತ್ರಿ ನಿಮ್ಮ ಅಂಗಳಕ್ಕೆ ಬರುತ್ತದೆ. ಮೇಲಾಗಿ ರಾತ್ರಿ ಗಾಳಿ ತಣ್ಣಗೆ ನೆಲಕ್ಕೇ ಒತ್ತಿಕೊಂಡಿರುತ್ತದೆ, ಮೇಲೆ ಹರಡಿ ತೆಳುವಾಗುವುದಿಲ್ಲ. ಮಧ್ಯಾಹ್ನ ಅಳೆದರೆ ಏನೂ ಸಿಗದಿರುವುದು ಸಹಜ. ದೇಶದ 2009ರ ಗಾಳಿ ಗುಣಮಟ್ಟದ ಮಾನಕದಲ್ಲಿ ಗಂಧಕದ ಡೈಆಕ್ಸೈಡ್‌ಗೆ ಇರುವುದು 24 ಗಂಟೆಯ ಸರಾಸರಿ, ಘನ ಮೀಟರಿಗೆ 80 ಮೈಕ್ರೋಗ್ರಾಂ. ರಾತ್ರಿ ಎರಡು ಗಂಟೆ ವಿಪರೀತ ಏರಿ ಬಾಕಿ ಹೊತ್ತು ಕಮ್ಮಿ ಇದ್ದರೆ ಸರಾಸರಿ ಪಾಸಾಗುತ್ತದೆ. ಮತ್ತೆ ಕೊಳೆತ ಮೊಟ್ಟೆ ವಾಸನೆಯದ್ದು ಹೈಡ್ರೋಜನ್ ಸಲ್ಫೈಡ್, ಅದು ಆ ಮಾನಕದ 12 ಮಾಲಿನ್ಯಕಾರಕಗಳ ಪಟ್ಟಿಯಲ್ಲೇ ಇಲ್ಲ!

ಅದಕ್ಕೆ ನೀವು ಮಾಡಬೇಕಾದ್ದು: ವಾಸನೆ ಬಂದ ತಾರೀಕು, ಗಂಟೆ, ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು ಅಂತ ಪುಸ್ತಕದಲ್ಲಿ ಬರೆದಿಡಿ. ಅಕ್ಕಪಕ್ಕದ ಮನೆಯವರಿಗೂ ಬರೆಯಲು ಹೇಳಿ. ದೂರಿನಲ್ಲಿ ‘ವಾಸನೆ ಬರುತ್ತದೆ’ ಅಂತ ಬರೆದು ಬಿಡಬೇಡಿ, ‘ಹೈಡ್ರೋಜನ್ ಸಲ್ಫೈಡನ್ನು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮನೆಯ ಹತ್ತಿರ ಬಿಡದೆ ಅಳೆಯಿರಿ’ ಅಂತ ಕೇಳಿ. ಹಾಗೆ ಕೇಳಲು ಗೊತ್ತಿರುವ ಒಬ್ಬ ಊರಲ್ಲಿದ್ದರೆ ವ್ಯತ್ಯಾಸ ಆಗುತ್ತದೆ. ಓದಿ ಎಂತ ಮಾಡುವುದು ಅಂದಿರಲ್ಲ, ಇದನ್ನು ಮಾಡುವುದು.

ಗೇಟ್_ಹೊರಗಿನವ

ಆಯಿತು ಮೇಡಂ, ಬರೆದಿಡುತ್ತೇವೆ. ಅವರು ರಾತ್ರಿ ಬರುತ್ತಾರೆ ಅಂತ ನನಗೆ ನಂಬಿಕೆ ಇಲ್ಲ.

ಬಂದರು_ಬದಿ

ಆ ಗ್ಯಾಸ್ ಬಗ್ಗೆ ಒಂದು ಮಾತು, ದಯವಿಟ್ಟು ಎಲ್ಲರೂ ಓದಿ. ನಾನು ಕೈಗಾರಿಕಾ ಸುರಕ್ಷತೆಯ ಕೆಲಸದಲ್ಲಿದ್ದವನು. ಹೈಡ್ರೋಜನ್ ಸಲ್ಫೈಡ್ ಕಿಂಚಿತ್ ಇದ್ದರೂ ಮೂಗಿಗೆ ಗೊತ್ತಾಗುತ್ತದೆ. ಆದರೆ ಹತ್ತು ಲಕ್ಷದಲ್ಲಿ ನೂರು ಪಾಲಿನಷ್ಟು ಏರಿದರೆ ಮೂಗಿನ ನರವೇ ಮರಗಟ್ಟಿ ವಾಸನೆ ತಿಳಿಯುವುದು ನಿಲ್ಲುತ್ತದೆ. ಈಗ ವಾಸನೆ ಇಲ್ಲ, ಇಳಿಯಬಹುದು ಅಂತ ಜನ ಗುಂಡಿಗೆ ಇಳಿಯುವುದು ಆವಾಗಲೇ. 2022ರ ಏಪ್ರಿಲ್‌ನಲ್ಲಿ ಬಜಪೆ ಹತ್ತಿರ ಮೀನು ಸಂಸ್ಕರಣೆಯ ಒಂದು ಘಟಕದ ತ್ಯಾಜ್ಯದ ಟ್ಯಾಂಕಿನಲ್ಲಿ ಐದು ಜನ ಕಾರ್ಮಿಕರು ತೀರಿಕೊಂಡರು. ಮೊದಲು ಒಬ್ಬ ಬಿದ್ದ, ಅವನನ್ನು ಎತ್ತಲು ಹೋದವರೂ ಉಳಿಯಲಿಲ್ಲ. ಮೀನಿನ ತ್ಯಾಜ್ಯ ಗಾಳಿಯಿಲ್ಲದೆ ಕೊಳೆತರೆ ಅದರ ಪ್ರೋಟೀನಿನ ಗಂಧಕ ಈ ಗ್ಯಾಸ್ ಆಗಿ ಹೊರಡುತ್ತದೆ. ಶೌಚದ ಗುಂಡಿಯೂ ಹೀಗೆಯೇ. ಮನೆಯಲ್ಲಿ ಯಾರನ್ನೂ ಇಳಿಸಬೇಡಿ.

ಮಲ್ಪೆ_ಮೀನು

ಮೀನಿನ ವಾಸನೆ ಎಲ್ಲ ಅದೇ ಗ್ಯಾಸಾ? ನಮ್ಮ ಕಡೆ ಫಿಶ್‌ಮೀಲ್ ಫ್ಯಾಕ್ಟರಿ ಗಾಳಿ ಬಂದರೆ ಬಸ್ಸಿನಲ್ಲಿ ಹೊರಗಿನವರು ಕರ್ಚೀಫ್ ತೆಗೆಯುತ್ತಾರೆ, ನಾವು ಬಂಗುಡೆ ರೇಟ್ ಮಾತಾಡುತ್ತಾ ಕೂತಿರುತ್ತೇವೆ.

ಲ್ಯಾಬ್_ಅಕ್ಕ

😀 ಅಲ್ಲ, ಆ ಮೀನು ನಾತದ ಮುಖ್ಯ ಭಾಗ ಟ್ರೈಮೀಥೈಲ್ ಅಮೀನ್. ಕ್ಷಾರ ಗುಣದ್ದು. ಹುಳಿ ತಾಗಿದರೆ ಅದು ಉಪ್ಪಾಗಿ ನೀರಲ್ಲೇ ಉಳಿಯುತ್ತದೆ, ಗಾಳಿಗೆ ಏಳುವುದಿಲ್ಲ. ಮೀನು ತೊಳೆಯುವಾಗ ಹುಣಸೆಹುಳಿ, ಲಿಂಬೆ ಹಚ್ಚುವುದು ಅದಕ್ಕೆ. ಇಂಥ ಕಾರ್ಖಾನೆಗಳಲ್ಲಿ ಹೊಗೆಯನ್ನು ಆಮ್ಲದ ನೀರಿನ ತುಂತುರಿನಲ್ಲಿ ಹಾಯಿಸಬೇಕಾದ್ದೂ ಅದಕ್ಕೆ. ಹಾಯಿಸುತ್ತಾರಾ ಅಂತ ಕೇಳಬೇಡಿ.

ವಾಮಂಜೂರು_ನಿವಾಸಿ

ಮಂಗಳೂರಿನ ಕಸ ಸುರಿಯುವ ಪಚ್ಚನಾಡಿ ಬಗ್ಗೆ ಯಾರೂ ಮಾತಾಡಲಿಲ್ಲ. 2019ರ ಆಗಸ್ಟ್ ಮಳೆಗೆ ಕಸದ ರಾಶಿ ಜಾರಿ ಮಂದಾರದ ಮನೆ, ಅಡಿಕೆ ತೋಟಗಳ ಮೇಲೆ ಬಂದದ್ದು ಎಲ್ಲರಿಗೂ ನೆನಪಿರಬಹುದು. ರಾಶಿಯಿಂದ ಇಳಿಯುವ ಕಪ್ಪು ನೀರು ಬಾವಿಗೆ ಸೇರಿದೆಯಾ ಇಲ್ಲವಾ ಅಂತ ತಿಳಿಯುವುದು ಹೇಗೆ? ಕೆಲವರು ಟಿಡಿಎಸ್ ಮೀಟರ್ ತಂದು ಅದ್ದಿ, ಕಮ್ಮಿ ಉಂಟು, ಕುಡಿಯಬಹುದು ಅಂತ ಹೇಳಿ ಹೋದರು.

ಮಣ್ಣು_ಪಿಎಚ್‌ಡಿ

ಟಿಡಿಎಸ್ ಮೀಟರ್ ಅಳೆಯುವುದು ನೀರಿನಲ್ಲಿ ಕರೆಂಟ್ ಎಷ್ಟು ಹರಿಯುತ್ತದೆ ಅಂತ ಮಾತ್ರ. ಆ ಅಂಕಿಗೆ ಒಂದು ಗುಣಾಕಾರ ಮಾಡಿ ಲವಣ ಇಷ್ಟು ಅಂತ ತೋರಿಸುತ್ತದೆ. ಮಲದ ರೋಗಾಣು, ಕೀಟನಾಶಕ, ಎಣ್ಣೆ ಯಾವುದೂ ಅದಕ್ಕೆ ಕಾಣುವುದಿಲ್ಲ. ನಮ್ಮೂರಿನ ಮೆದು ನೀರಿಗೆ ಮೀಟರ್ ಯಾವಾಗಲೂ ಕಮ್ಮಿಯೇ ತೋರಿಸುತ್ತದೆ, ಪಕ್ಕದಲ್ಲಿ ಶೌಚದ ಗುಂಡಿ ಇದ್ದರೂ.

ಕಸದ ನೀರಿಗೆ ನೋಡಬೇಕಾದ್ದು ಅಮೋನಿಯಾ, ಕ್ಲೋರೈಡ್, ಸಿಒಡಿ (ನೀರಿನ ಕೊಳೆಯನ್ನು ರಾಸಾಯನಿಕದಿಂದ ಒಡೆಯಲು ಬೇಕಾಗುವ ಆಮ್ಲಜನಕದ ಅಳತೆ). ಇದರಲ್ಲಿ ಕ್ಲೋರೈಡ್ ತುಂಬ ಉಪಕಾರಿ, ಅದು ಮಣ್ಣಿಗೆ ಅಂಟುವುದಿಲ್ಲ, ಕೊಳೆಯುವುದಿಲ್ಲ, ನೀರಿನ ಜೊತೆಗೇ ಹೋಗುತ್ತದೆ. ರಾಶಿಗಿಂತ ಮೇಲಿನ ಎತ್ತರದ ಒಂದು ಬಾವಿ, ಕೆಳಗಿನ ಕೆಲವು ಬಾವಿ, ಒಂದೇ ದಿನ ಅಳೆದು ಪಕ್ಕಪಕ್ಕ ಇಟ್ಟು ನೋಡಿ. ಕೆಳಗಿನದ್ದರಲ್ಲಿ ಕ್ಲೋರೈಡ್ ಮಾನಕದ ಲೀಟರಿಗೆ 250 ಮಿಲಿಗ್ರಾಂಗಿಂತ ಎಷ್ಟೋ ಕಮ್ಮಿ ಇದ್ದರೂ, ಮೇಲಿನದ್ದಕ್ಕಿಂತ ಹತ್ತು ಪಟ್ಟು ಇದ್ದರೆ ಕೇಳುವ ಪ್ರಶ್ನೆ ಉಂಟು ಅಂತ ಅರ್ಥ. ಮಿತಿಯೊಳಗೆ ಇರುವುದು ಬೇರೆ, ಮೊದಲಿನ ಹಾಗೆ ಇರುವುದು ಬೇರೆ.

ರಾಶಿಯ ವಯಸ್ಸೂ ನೋಡಬೇಕು. ಹೊಸ ಕಸದ ನೀರು ಹುಳಿ, ಲೋಹ ಕರಗಿಸಿಕೊಂಡು ಬರುತ್ತದೆ. ಹಳೆ ರಾಶಿಯಲ್ಲಿ ಹುಳಿ ಇಳಿದು ಅಮೋನಿಯಾ ಹೆಚ್ಚುತ್ತದೆ, ಬ್ಯಾಕ್ಟೀರಿಯಾ ತಿನ್ನಲಾಗದ ಕಪ್ಪು ಅಂಶ ಉಳಿಯುತ್ತದೆ. ಅದು ಹೊಳೆಗೆ ಸೇರಿದರೆ ಬೇಗ ಶುದ್ಧವಾಗುವುದಿಲ್ಲ.

ಉಳ್ಳಾಲ_ಹೊಳೆಬದಿ

ಕ್ಲೋರೈಡ್ ಅಂದದ್ದಕ್ಕೆ ಕೇಳುತ್ತೇನೆ, ನಮ್ಮ ಬಾವಿ ಮಾರ್ಚ್ ಕಳೆದರೆ ಸಪ್ಪೆ ಉಪ್ಪು. ಅಲ್ಲಿ ಹೇಗೆ ಲೆಕ್ಕ?

ಮಣ್ಣು_ಪಿಎಚ್‌ಡಿ

ನಿಮ್ಮಲ್ಲಿ ಕ್ಲೋರೈಡ್ ಬೇರೆ ಕತೆ ಹೇಳುತ್ತದೆ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 19 ಗ್ರಾಂ ಕ್ಲೋರೈಡ್. ನೂರು ಕೊಡದಲ್ಲಿ ಒಂದು ಕೊಡ ಸಮುದ್ರದ್ದಾದರೆ ಸಾಕು, 190 ಮಿಲಿಗ್ರಾಂ ಹತ್ತಿರ ಬಂತು. ಅದಕ್ಕೆ ಹೊಳೆಬದಿಯವರು ಅಮೋನಿಯಾ, ನೈಟ್ರೇಟ್ ಜೊತೆಗೆ ನೋಡಬೇಕು. ಉಪ್ಪು ಮಾತ್ರ ಏರಿದರೆ ಸಮುದ್ರ, ನೈಟ್ರೇಟ್ ಕೂಡ ಏರಿದರೆ ಗುಂಡಿ. ಪರೀಕ್ಷೆ ಹಳೆಯದೇ, ಕಾಲೇಜಿನಲ್ಲಿ ಮಾಡಿರುತ್ತೀರಿ: ಹಳದಿ ಕ್ರೋಮೇಟ್ ಹಾಕಿ ಸಿಲ್ವರ್ ನೈಟ್ರೇಟ್ ತೊಟ್ಟಿಕ್ಕಿಸುವುದು, ಇಟ್ಟಿಗೆ ಕೆಂಪು ಬಂದರೆ ನಿಲ್ಲಿಸುವುದು.

ಕೊಕ್ಕಡ_ಕಡೆಯವ

ಗೇರು ತೋಟದ ಎಂಡೋಸಲ್ಫಾನ್ ಕೀಟನಾಶಕದ ಬಗ್ಗೆ ಎರಡು ಮಾತು ಬರೆಯಿರಿ. ಹೆಲಿಕಾಪ್ಟರಿನಿಂದ ಹೊಡೆದದ್ದನ್ನು ನೋಡಿದ ಊರು ನಮ್ಮದು. ಈಗ ಮಣ್ಣಲ್ಲಿ ಏನಿಲ್ಲ ಅನ್ನುತ್ತಾರೆ.

ಮಣ್ಣು_ಪಿಎಚ್‌ಡಿ

ಸುಪ್ರೀಂ ಕೋರ್ಟ್ ಅದನ್ನು ತಡೆದದ್ದು 2011ರಲ್ಲಿ, ಬಹುಕಾಲ ಉಳಿಯುವ ವಿಷಗಳ ಮೇಲಿನ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಸೇರಿದ್ದೂ ಅದೇ ವರ್ಷ. ಇಷ್ಟು ಮಳೆ ಬಿದ್ದ ಮೇಲೆ ಹಳೆ ಸಿಂಪಡಣೆಯದ್ದು ಹೆಚ್ಚು ಸಿಗಲಿಕ್ಕಿಲ್ಲ. ಆದರೆ ‘ಇಲ್ಲ’ ಅಂದವರನ್ನು ಏನನ್ನು ಹುಡುಕಿದಿರಿ ಅಂತ ಕೇಳಬೇಕು. ಮಣ್ಣಿನ ಸೂಕ್ಷ್ಮಜೀವಿಗಳು ಎಂಡೋಸಲ್ಫಾನನ್ನು ಎಂಡೋಸಲ್ಫಾನ್ ಸಲ್ಫೇಟ್ ಮಾಡುತ್ತವೆ. ಅದು ಮೂಲದಷ್ಟೇ ವಿಷ, ಬಾಳುವುದು ಮೂಲಕ್ಕಿಂತ ಜಾಸ್ತಿ. ಮೂಲದ ಎರಡು ರೂಪ ಮಾತ್ರ ಹುಡುಕಿ ಇದನ್ನು ಬಿಟ್ಟರೆ ರಿಪೋರ್ಟ್ ಖಾಲಿ ಬರುತ್ತದೆ. ಇಲ್ಲೂ ಹುಳಿಯ ಕೈವಾಡ ಉಂಟು: ಕ್ಷಾರದ ನೀರಿನಲ್ಲಿ ಎಂಡೋಸಲ್ಫಾನ್ ಬೇಗ ಒಡೆದು ಕಮ್ಮಿ ವಿಷದ ವಸ್ತುವಾಗುತ್ತದೆ, ನಮ್ಮಂಥ ಹುಳಿ ನೀರಿನಲ್ಲಿ ನಿಧಾನ.

ಫೈನಲ್_ಬಿಎಸ್ಸಿ_ಸುರತ್ಕಲ್

ಇಷ್ಟು ಉತ್ತರ ನಾನು ಎಣಿಸಿರಲಿಲ್ಲ. ಎಲ್ಲ ಓದಿದೆ, ಕೆಲವನ್ನು ಅಮ್ಮನಿಗೂ ಓದಿ ಹೇಳಿದೆ. ಮನಸ್ಸು ಗಟ್ಟಿ ಆಯಿತು. ಆದರೆ ಮನೆಯಲ್ಲಿ ಕೇಳುವ ಪ್ರಶ್ನೆಗೆ ಉತ್ತರ ಬೇಕು. ಕೆಲಸ?

ಲ್ಯಾಬ್_ಅಕ್ಕ

ಮರೆಮಾಚದೆ ಹೇಳುತ್ತೇನೆ. ಖಾಸಗಿ ಲ್ಯಾಬ್‌ನಲ್ಲಿ ಶುರುವಿನ ಸಂಬಳ ಕಮ್ಮಿ, ಫಾರ್ಮಾದವರು ನಿಮಗಿಂತ ಮೊದಲು ಬೈಕ್ ತಗೊಳ್ಳುತ್ತಾರೆ. ಕಾರ್ಖಾನೆಗಳ ತ್ಯಾಜ್ಯ ನೀರು ಶುದ್ಧೀಕರಣ ಘಟಕಗಳಲ್ಲಿ ಕೆಮಿಸ್ಟ್ ಬೇಕೇ ಬೇಕು, ಅಲ್ಲಿ ಪರವಾಗಿಲ್ಲ. ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ಹುದ್ದೆ ಕರೆಯುವುದು ಅಪರೂಪ, ಕಾಯುತ್ತಾ ಕೂರಬೇಡಿ. ಸಂಶೋಧನೆಗೆ ಹೋಗುವುದಾದರೆ ಯುಜಿಸಿ ನೆಟ್‌ನಲ್ಲಿ ಪರಿಸರ ವಿಜ್ಞಾನ ಪತ್ರಿಕೆ ಉಂಟು, 2021ರಿಂದ ಗೇಟ್‌ನಲ್ಲೂ ಪರಿಸರದ್ದೇ ಒಂದು ಪತ್ರಿಕೆ ಸೇರಿದೆ. ನಾಗ್ಪುರದ ಪರಿಸರ ಸಂಶೋಧನಾ ಸಂಸ್ಥೆ ನೀರಿ, ಗೋವಾದ ಸಮುದ್ರ ವಿಜ್ಞಾನ ಸಂಸ್ಥೆ ಇಂಥಲ್ಲಿ ಪ್ರಾಜೆಕ್ಟ್ ಹುದ್ದೆ ಕರೆಯುತ್ತಿರುತ್ತಾರೆ. ನಿಮ್ಮ ಪಕ್ಕದ ಎನ್‌ಐಟಿಕೆಯ ಪರಿಸರ ಎಂಜಿನಿಯರಿಂಗ್ ಎಂಟೆಕ್ ಎಂಜಿನಿಯರಿಂಗ್ ದಾರಿಯದ್ದು, ಅದು ಬೇರೆ.

ನನ್ನನ್ನು ಕೇಳಿದರೆ ಎಂಎಸ್ಸಿಯನ್ನು ಅನಲಿಟಿಕಲ್ ಅಥವಾ ಸಾಮಾನ್ಯ ಕೆಮಿಸ್ಟ್ರಿಯಲ್ಲಿ ಗಟ್ಟಿ ಮಾಡಿ, ಪ್ರಾಜೆಕ್ಟನ್ನು ಹೊಳೆ, ಬಾವಿ, ಮಣ್ಣಿನ ಮೇಲೆ ಮಾಡಿ. ‘ಪರಿಸರ’ ಅಂತ ಹೆಸರಿರುವ ಕೆಲವು ಕೋರ್ಸ್‌ಗಳಲ್ಲಿ ಕೆಮಿಸ್ಟ್ರಿ ತೆಳುವಾಗಿರುತ್ತದೆ. ಸ್ಟಾಟಿಸ್ಟಿಕ್ಸ್ ಬಿಡಬೇಡಿ.

ಮುರಕಲ್ಲು

ನಾನು ಇದಕ್ಕೆ ಒಪ್ಪುವುದಿಲ್ಲ ಅಕ್ಕ. ಬರೀ ಕೆಮಿಸ್ಟ್ರಿ ಓದಿ ಬಂದವರಿಗೆ ನೀರು ನೆಲದಡಿ ಯಾವ ಕಡೆ ಹರಿಯುತ್ತದೆ ಅಂತಲೇ ಗೊತ್ತಿರುವುದಿಲ್ಲ. ಬಾವಿ ಎಲ್ಲಿ, ಇಳಿಜಾರು ಎಲ್ಲಿ ನೋಡದೆ ಬಾಟಲಿ ತುಂಬುತ್ತಾರೆ. ಭೂವಿಜ್ಞಾನದ ಒಂದು ಪತ್ರಿಕೆ ಇರುವ ಕೋರ್ಸ್ ಹುಡುಕು ಮಗಾ.

ಲ್ಯಾಬ್_ಅಕ್ಕ

ಸರಿ ಸರ್, ಅದೂ ನಿಜ. ಆದರೆ ಕೈ ಪಳಗಬೇಕು. ನಾನು ಹೊಸಬರನ್ನು ಮೊದಲ ದಿನ ಹೊಳೆ ಬದಿಗೆ ಕರೆದುಕೊಂಡು ಹೋಗಿ ನೀರಿನಲ್ಲಿ ಕರಗಿದ ಆಮ್ಲಜನಕ ಅಳೆಯುವ ವಿಂಕ್ಲರ್ ಪರೀಕ್ಷೆ ಮಾಡಿಸುತ್ತೇನೆ. 1888ರ ವಿಧಾನ, ಇವತ್ತಿಗೂ ಮೀಟರ್ ಸರಿ ಉಂಟಾ ಅಂತ ನೋಡಲು ಇದನ್ನೇ ಮಾಡುತ್ತೇವೆ. ಗಾಳಿಗುಳ್ಳೆ ಬಾರದ ಹಾಗೆ ಬಾಟಲಿ ತುಂಬಿ, ಮ್ಯಾಂಗನೀಸ್ ದ್ರಾವಣ, ಆಮೇಲೆ ಕ್ಷಾರದ ಅಯೋಡೈಡ್, ಮುಚ್ಚಳ ಹಾಕಿ ತಲೆಕೆಳಗೆ ಮಾಡಿ ಅಲುಗಾಡಿಸುವುದು. ಕಂದು ಗಸಿ ಎದ್ದರೆ ನೀರಿನಲ್ಲಿ ಆಮ್ಲಜನಕ ಉಂಟು. ಗಸಿ ಬೆಳ್ಳಗೇ ಉಳಿದರೆ ಆ ನೀರಿನಲ್ಲಿ ಮೀನಿಗೆ ಉಸಿರಿಲ್ಲ. ಬಾಕಿ ಟೈಟ್ರೇಶನ್ ಲ್ಯಾಬ್‌ಗೆ ಬಂದು ಮಾಡಿದರಾಯಿತು. ಮೀನಿರುವ ಹೊಳೆಗೆ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಬೇಕು. ಅದನ್ನೂ ಬೆಳಗಿನ ಜಾವ ಅಳೆಯಬೇಕು, ಹಗಲಿಗೆ ಪಾಚಿ ಬಿಸಿಲಲ್ಲಿ ಆಮ್ಲಜನಕ ತುಂಬಿಸಿ ಎಲ್ಲ ಚೆಂದ ಕಾಣಿಸುತ್ತದೆ.

ಗೇಟ್_ಹೊರಗಿನವ

ನಮ್ಮ ಗದ್ದೆ ತೋಡಿನಲ್ಲಿ ನೀರಿನ ಮೇಲೆ ಎಣ್ಣೆಯ ಹಾಗೆ ಕಾಮನಬಿಲ್ಲು ಬಣ್ಣದ ಪೊರೆ ಕಟ್ಟುತ್ತದೆ. ಇದು ಖಂಡಿತ ಕಾರ್ಖಾನೆಯದ್ದೇ ಅಲ್ವಾ?

ಮುರಕಲ್ಲು

ಕೋಲಿನಿಂದ ತಟ್ಟಿ ನೋಡಿ. ಗಾಜು ಒಡೆದ ಹಾಗೆ ಚೂರುಚೂರಾಗಿ ಹಾಗೇ ಉಳಿದರೆ ಅದು ಕಬ್ಬಿಣದ ಬ್ಯಾಕ್ಟೀರಿಯಾ ಕಟ್ಟಿದ ಪೊರೆ, ಮುರಕಲ್ಲು ನೆಲದಲ್ಲಿ ಸಾಮಾನ್ಯ, ತಳದಲ್ಲಿ ಕಿತ್ತಳೆ ಬಣ್ಣದ ಲೋಳೆಯೂ ಇರುತ್ತದೆ. ಒಡೆದ ಮೇಲೆ ಮತ್ತೆ ಹರಡಿ ಕೂಡಿಕೊಂಡರೆ ಎಣ್ಣೆ. ಎಣ್ಣೆಯಾದರೆ ಫೋಟೋ ತೆಗೆದು ತಾರೀಕು ಹಾಕಿ ನಿಮ್ಮ ಪುಸ್ತಕಕ್ಕೆ ಸೇರಿಸಿ.

ಗೇಟ್_ಹೊರಗಿನವ

ತಟ್ಟಿದೆ. ಬಟ್ಟಲಕೆರೆ ಕಡೆಯ ತೋಡಿನದ್ದು ಚೂರಾಯಿತು. ಕಂಪೌಂಡ್ ಪಕ್ಕದ್ದು ಮತ್ತೆ ಕೂಡಿತು. ಎರಡರ ಫೋಟೋವೂ ತೆಗೆದಿದ್ದೇನೆ.

ಫೈನಲ್_ಬಿಎಸ್ಸಿ_ಸುರತ್ಕಲ್

ಅಕ್ಕ, ನಮ್ಮ ಬಾವಿ ನೀರು ತರಬಹುದಾ? ಬಾಟಲಿ ಹೇಗೆ ತೊಳೆಯಬೇಕು?

ಲ್ಯಾಬ್_ಅಕ್ಕ

ತನ್ನಿ. ಪಿಎಚ್, ಕ್ಲೋರೈಡ್, ನೈಟ್ರೇಟಿಗೆ ಒಂದು ಲೀಟರಿನ ಪ್ಲಾಸ್ಟಿಕ್ ಬಾಟಲಿ ಸಾಕು, ಅದೇ ಬಾವಿ ನೀರಿನಲ್ಲಿ ಮೂರು ಸಲ ಕುಲುಕಿ ಚೆಲ್ಲಿ ಆಮೇಲೆ ಅಂಚಿನವರೆಗೆ ತುಂಬಿಸಿ. ಪಿಎಚ್ ಬಾವಿಕಟ್ಟೆಯಲ್ಲೇ ನೋಡುವುದು ಒಳ್ಳೆಯದು, ದಾರಿಯಲ್ಲಿ ಇಂಗಾಲದ ಡೈಆಕ್ಸೈಡ್ ಹಾರಿ ಅಂಕ ಏರುತ್ತದೆ. ಕಾಲೇಜಿನ ಮೀಟರ್ ಕೇಳಿ ನೋಡಿ. ಕಬ್ಬಿಣಕ್ಕೆ ಬೇರೆ ಬಾಟಲಿ, ಅದಕ್ಕೆ ನಾವೇ ನೈಟ್ರಿಕ್ ಆಮ್ಲ ಹಾಕಿ ಕೊಡುತ್ತೇವೆ, ಇಲ್ಲದಿದ್ದರೆ ದಾರಿಯಲ್ಲೇ ಗಸಿಯಾಗಿ ಗೋಡೆಗೆ ಅಂಟಿಕೊಳ್ಳುತ್ತದೆ. ಆಮ್ಲದ ಬಾಟಲಿಯನ್ನು ತೊಳೆಯಬೇಡಿ, ಒಳಗಿನದ್ದನ್ನು ಚೆಲ್ಲಲೂ ಬೇಡಿ. ಕೋಲಿಫಾರ್ಮ್ (ಮಲ ಸೇರಿದೆಯಾ ಅಂತ ಸುಳಿವು ಕೊಡುವ ಬ್ಯಾಕ್ಟೀರಿಯಾ) ಪರೀಕ್ಷೆಗೆ ಕ್ರಿಮಿಶುದ್ಧ ಬಾಟಲಿ ನಮ್ಮಲ್ಲಿಂದಲೇ ಒಯ್ಯಿರಿ, ಅದನ್ನೂ ತೊಳೆಯುವಂತಿಲ್ಲ. ಪಂಪ್ ನಲ್ಲಿಯಿಂದ ತುಂಬಿಸುವುದಾದರೆ ನಲ್ಲಿ ಬಾಯಿಯನ್ನು ಬೆಂಕಿಯಲ್ಲಿ ಸುಟ್ಟು, ಸ್ವಲ್ಪ ಹೊತ್ತು ನೀರು ಬಿಟ್ಟು ಹಿಡಿಯಿರಿ. ಐಸ್ ಹಾಕಿದ ಡಬ್ಬದಲ್ಲಿಟ್ಟು ಅದೇ ದಿನ ತಲುಪಿಸಿ.

ಮತ್ತೆ, ಸೋಮವಾರ ಅಥವಾ ಮಂಗಳವಾರ ಬನ್ನಿ. ಕೋಲಿಫಾರ್ಮ್ ಕಾವಿನಲ್ಲಿ 48 ಗಂಟೆ ಇಡಬೇಕು. ಶುಕ್ರವಾರ ತಂದರೆ ಓದಲು ನಾನು ಭಾನುವಾರ ಲ್ಯಾಬ್‌ಗೆ ಬರಬೇಕಾಗುತ್ತದೆ.